ರಜೆ ಕೇಳಿದ್ದಕ್ಕೆ ದಾಖಲೆ ಇದೆಯೇ? ಹೊಸ ಸಂಹಿತೆಯಲ್ಲಿ ಉಳಿದ ರಜೆಯ ಹಣ ಯಾರಿಗೆ, ಎಷ್ಟು?

ಡಿಸೆಂಬರ್ ಬಂತೆಂದರೆ ಎಚ್‌ಆರ್ ವಿಭಾಗದಿಂದ ಒಂದು ಇಮೇಲ್ ಬರುವುದು ಹಲವು ಕಂಪನಿಗಳಲ್ಲಿ ಮಾಮೂಲು. ಉಳಿದ ರಜೆಗಳನ್ನು 31ರೊಳಗೆ ಬಳಸಿಕೊಳ್ಳಿ, ಇಲ್ಲದಿದ್ದರೆ ಲ್ಯಾಪ್ಸ್ ಆಗುತ್ತವೆ ಎಂಬುದು ಅದರ ಸಾರ. ಅದೇ ವಾರ ಟೀಂ ಲೀಡರ್ ಕಡೆಯಿಂದ 'ಈಗ ಬೇಡ, ಪ್ರಾಜೆಕ್ಟ್ ಮುಗಿಯಲಿ' ಎಂಬ ಮಾತೂ ಬರುತ್ತದೆ. ಈ ಎರಡರ ನಡುವೆ ರಜೆಯೂ ಹೋಗುತ್ತದೆ, ಅದರ ಹಣವೂ ಹೋಗುತ್ತದೆ.

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು ವೇತನಸಹಿತ ರಜೆಯ ಲೆಕ್ಕವನ್ನು ಬದಲಿಸಿದೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಗಳಿಕೆ ರಜೆ ಸಿಗಲು ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕಿತ್ತು. ಈಗ 180 ದಿನ ಸಾಕು. ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ರಜೆ ಎಂಬ ಹಳೆಯ ಸೂತ್ರ ಹಾಗೇ ಉಳಿದಿದೆ. ವರ್ಷದ ನಡುವೆ ಕೆಲಸ ನಿಂತು ಮತ್ತೆ ಶುರುವಾಗುವ ಗುತ್ತಿಗೆ ಮತ್ತು ಸೀಸನ್ ಕೆಲಸಗಾರರಿಗೆ ಇದರಿಂದ ಹೆಚ್ಚು ಲಾಭ.

ಸುದ್ದಿಯಾಗಿದ್ದು ಈ 180 ದಿನ. ಆದರೆ ಕಚೇರಿ ಉದ್ಯೋಗಿಗಳು ಗಮನಿಸಬೇಕಾದ ಅಂಶ ಬೇರೆಯೇ ಇದೆ. ಸಂಹಿತೆಯ ಪ್ರಕಾರ 30 ದಿನಗಳವರೆಗಿನ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. 30 ಮೀರಿದ ರಜೆಯನ್ನು ನಗದಾಗಿಸಿಕೊಳ್ಳಬಹುದು. ರಜೆಗೆ ಅರ್ಜಿ ಹಾಕಿ ಅದು ತಿರಸ್ಕೃತವಾಗಿದ್ದರೆ, ಅಂಥ ರಜೆಯನ್ನು ಮುಂದಕ್ಕೆ ಒಯ್ಯಲು ಮಿತಿಯೇ ಇಲ್ಲ. ಅಂದರೆ ಹಕ್ಕು ನಿಂತಿರುವುದು ಅರ್ಜಿಯ ಮೇಲೆ. ಕ್ಯಾಂಟೀನ್‌ನಲ್ಲಿ ಕೇಳಿ, ಬಾಯಿಮಾತಿನಲ್ಲೇ 'ಬೇಡ' ಅನ್ನಿಸಿಕೊಂಡರೆ ದಾಖಲೆ ಏನೂ ಉಳಿಯುವುದಿಲ್ಲ. ಸಿಗುವುದಿಲ್ಲ ಎಂದು ಗೊತ್ತಿದ್ದರೂ ಪೋರ್ಟಲ್‌ನಲ್ಲೋ ಇಮೇಲ್‌ನಲ್ಲೋ ಅರ್ಜಿ ಹಾಕುವುದೇ ಲೇಸು.

ಎಲ್ಲರಿಗೂ ಅನ್ವಯವೇ?

ಇಲ್ಲ. ರಜೆಯ ಈ ನಿಯಮ ಇರುವುದು 'ಕಾರ್ಮಿಕ'ರಿಗೆ. ಮ್ಯಾನೇಜರ್ ಅಥವಾ ಆಡಳಿತಾತ್ಮಕ ಹೊಣೆಯಲ್ಲಿರುವವರು, ತಿಂಗಳಿಗೆ 18,000 ರೂ. ಮೀರಿ ವೇತನ ಪಡೆಯುವ ಮೇಲ್ವಿಚಾರಕರು ಇದರ ಹೊರಗೆ. ತಾಂತ್ರಿಕ ಮತ್ತು ಗುಮಾಸ್ತಿಕೆಯ ಕೆಲಸದವರು ಒಳಗೆ. ಹಾಗಾದರೆ ವಿಸಿಟಿಂಗ್ ಕಾರ್ಡಿನಲ್ಲಿ 'ಅಸಿಸ್ಟೆಂಟ್ ಮ್ಯಾನೇಜರ್' ಎಂದಿದ್ದು, ದಿನವಿಡೀ ಎಕ್ಸೆಲ್ ತುಂಬುವವರ ಕಥೆ? ಇಂಥ ವಿವಾದಗಳಲ್ಲಿ ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ವಾಸ್ತವದಲ್ಲಿ ಮಾಡುವ ಕೆಲಸವನ್ನೇ ನೋಡುತ್ತಾ ಬಂದಿವೆ.

ಇನ್ನೊಂದು ತೊಡಕು ರಾಜ್ಯಗಳದ್ದು. ಹೊಸ ಸಂಹಿತೆಗಳು ರಾಜ್ಯಗಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗಳನ್ನು ರದ್ದು ಮಾಡಿಲ್ಲ. ಮುಂಬೈ, ಪುಣೆಯ ಕಚೇರಿಗಳಿಗೆ ಅನ್ವಯವಾಗುವ ಮಹಾರಾಷ್ಟ್ರದ 2017ರ ಕಾಯ್ದೆಯಲ್ಲಿ 240 ದಿನದ ಷರತ್ತು ಇದ್ದರೂ, 45 ದಿನಗಳವರೆಗೆ ರಜೆ ಕೂಡಿಡಬಹುದು. 8 ಸಾಂದರ್ಭಿಕ ರಜೆ ಪ್ರತ್ಯೇಕ, ಅದನ್ನು ಬಳಸದಿದ್ದರೆ ವರ್ಷದ ಕೊನೆಗೆ ಹೋಗುತ್ತದೆ. ತಮಿಳುನಾಡಿನಲ್ಲಿ ಒಂದು ವರ್ಷದ ಸೇವೆಯ ನಂತರ 12 ದಿನ, ದೆಹಲಿಯಲ್ಲಿ 15 ದಿನ, ತೆಲಂಗಾಣದಲ್ಲಿ 240 ದಿನ ದುಡಿದವರಿಗೆ 15 ದಿನ. ಊರು ಬದಲಾದರೆ ರಜೆಯೂ ಬದಲು! ಬೆಂಗಳೂರಿನಿಂದ ಪುಣೆಗೆ ವರ್ಗವಾದವರಿಗೆ ನವೆಂಬರ್ 1ರ ರಜೆಯೂ ಕಾನೂನಿನ ಹಕ್ಕಾಗಿ ಉಳಿಯುವುದಿಲ್ಲ. ಅಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಕಡ್ಡಾಯ. ಉಳಿದ ನಾಲ್ಕು ಹಬ್ಬದ ರಜೆಗಳು ಮಾಲೀಕರು ಮತ್ತು ಕಾರ್ಮಿಕರ ಒಪ್ಪಂದಕ್ಕೆ ಬಿಟ್ಟಿದ್ದು.

ಒಂದು ದಿನದ ಬೆಲೆ ಎಷ್ಟು?

ಬಹುತೇಕ ಕಂಪನಿಗಳು ರಜೆ ನಗದೀಕರಣವನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಿದ್ದವು. ಹೀಗಾಗಿ ಬೇಸಿಕ್ ಕಡಿಮೆ ಇಟ್ಟು ಭತ್ಯೆಗಳನ್ನು ಹಿಗ್ಗಿಸಿದಷ್ಟೂ ಕಂಪನಿಗೆ ಉಳಿತಾಯ. ಹೊಸ ವ್ಯಾಖ್ಯಾನದ ಪ್ರಕಾರ ಮನೆ ಬಾಡಿಗೆ, ಪ್ರಯಾಣ ಭತ್ಯೆಯಂಥ ಹೊರಗಿಟ್ಟ ಅಂಶಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಮೊತ್ತವನ್ನು ವೇತನಕ್ಕೇ ಸೇರಿಸಬೇಕು.

ಉದಾಹರಣೆಗೆ, ತಿಂಗಳ ಸಂಭಾವನೆ 30,000 ರೂ., ಅದರಲ್ಲಿ ಬೇಸಿಕ್ 9,000 ರೂ. ಎಂದುಕೊಳ್ಳಿ. ತಿಂಗಳಿಗೆ 30 ದಿನದ ಲೆಕ್ಕದಲ್ಲಿ 20 ದಿನದ ರಜೆಗೆ ಬೇಸಿಕ್ ಆಧಾರದಲ್ಲಿ ಸಿಗುವುದು 6,000 ರೂ. ಹೊರಗಿಟ್ಟ ಭತ್ಯೆಗಳು 21,000 ರೂ. ಆದ್ದರಿಂದ ಅರ್ಧಕ್ಕಿಂತ ಹೆಚ್ಚಿರುವ 6,000 ರೂ. ವೇತನಕ್ಕೆ ಸೇರಿ ಅದು 15,000 ರೂ. ಆಗುತ್ತದೆ. ಆಗ ಅದೇ 20 ದಿನಕ್ಕೆ 10,000 ರೂ. ಕೆಲಸ ಬಿಡುವಾಗ ಬರುವ 'ಫುಲ್ ಅಂಡ್ ಫೈನಲ್' ಹಾಳೆಯಲ್ಲಿ ಮೊದಲು ನೋಡಬೇಕಾದ ಸಾಲು ಇದೇ. ಈ ಬಾಕಿಗೂ ಗಡುವಿದೆ. ರಾಜೀನಾಮೆಯಾಗಲಿ, ವಜಾ ಆಗಲಿ, ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಕಾರ್ಮಿಕ ಮೃತಪಟ್ಟರೆ ಎರಡು ತಿಂಗಳೊಳಗೆ ರಜೆಯ ಹಣ ವಾರಸುದಾರರಿಗೆ ಸೇರಬೇಕು.

ಕೈಗೆ ಬರುವ ಹಣದಲ್ಲಿ ತೆರಿಗೆಯ ಪಾಲೂ ಇದೆ. ಸೇವೆಯಲ್ಲಿರುವಾಗಲೇ ರಜೆ ನಗದಾಗಿಸಿಕೊಂಡರೆ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ಕೆಲಸ ಬಿಡುವಾಗ ಅಥವಾ ನಿವೃತ್ತಿಯ ವೇಳೆ ಪಡೆದರೆ ಖಾಸಗಿ ಉದ್ಯೋಗಿಗಳಿಗೆ ಷರತ್ತುಗಳೊಂದಿಗೆ ಜೀವಮಾನದಲ್ಲಿ ಒಟ್ಟು 25 ಲಕ್ಷ ರೂ. ವರೆಗೆ ವಿನಾಯಿತಿ ಇದೆ. 2023ರ ಏಪ್ರಿಲ್‌ಗೆ ಮುನ್ನ ಈ ಮಿತಿ ಬರೀ 3 ಲಕ್ಷ ರೂ. ಇತ್ತು.