ಕೊನೆಯ ಸೈಕಲ್ಲಿನ ಹಿಂದೆ ಯಾರು?

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಫ್ಲೈಓವರ್ ಹತ್ತಿರ ನಿಂತರೆ ಸೈಕಲ್ ಗುಂಪುಗಳು ಒಂದರ ಹಿಂದೊಂದು ಸಾಗುವುದು ಕಾಣುತ್ತದೆ. ಬಹಳಷ್ಟು ಮಂದಿ ಹೊರಟಿರುವುದು ನಂದಿಬೆಟ್ಟಕ್ಕೆ. ಯಲಹಂಕ, ದೇವನಹಳ್ಳಿ ದಾಟಿ ಬೆಟ್ಟದ ಬುಡ ಸೇರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಅಲ್ಲಿಂದ 1,478 ಮೀಟರ್ ಎತ್ತರದ ನೆತ್ತಿಯವರೆಗೆ ತಿರುವಿನ ಮೇಲೆ ತಿರುವು. ಇಂಥ ಗುಂಪುಗಳು ಬೆಂಗಳೂರಿನಲ್ಲಿ ಬೇರುಬಿಟ್ಟಿರುವುದು ಸಂತೋಷದ ಸಂಗತಿ. ಆದರೆ ಎಷ್ಟೋ ಗುಂಪುಗಳಲ್ಲಿ ರೈಡ್ ಏರ್ಪಡಿಸುವವರು ಒಬ್ಬರೋ ಇಬ್ಬರೋ, ಅದೂ ವರ್ಷಗಟ್ಟಲೆ ಅವರೇ. ಉಳಿದವರದು ವಾಟ್ಸ್‌ಆ್ಯಪ್‌ನಲ್ಲಿ ಹೆಬ್ಬೆರಳು ಒತ್ತಿ, ಹೇಳಿದ ಹೊತ್ತಿಗೆ ಬಂದು ಸೇರಿಕೊಳ್ಳುವುದಷ್ಟೇ ಕೆಲಸ. ಆ ಒಬ್ಬರಿಗೆ ಸಾಕೆನಿಸಿದ ದಿನ ಗುಂಪೂ ಮಲಗಿಬಿಡುತ್ತದೆ.

ಏರ್ಪಡಿಸುವುದೆಂದರೆ ದಾರಿ ಗೊತ್ತುಮಾಡಿ ಮೆಸೇಜ್ ಹಾಕುವುದು ಎಂದು ಅನೇಕರು ತಿಳಿದಿದ್ದಾರೆ. ಅದು ಸುಲಭದ ಭಾಗ. ಯಾವ ರಸ್ತೆ ಅಗೆದುಹಾಕಿದ್ದಾರೆ ಎಂದು ಮೊದಲೇ ನೋಡಿ ಬರಬೇಕು. ಹೋಟೆಲಿಗೆ ಇಷ್ಟು ಜನ ಬರುತ್ತೇವೆಂದು ತಿಳಿಸಬೇಕು. ಬರುತ್ತೇನೆಂದು ಬಾರದವರಿಗೆ ಕಾಯಬೇಕು. ಹೆಲ್ಮೆಟ್ ಇಲ್ಲದೆ ಬಂದವರನ್ನು ವಾಪಸು ಕಳಿಸುವ ನಿಷ್ಠುರವೂ ಅವರದೇ. ಇದೆಲ್ಲಕ್ಕಿಂತ ಭಾರವಾದದ್ದು ಕೊನೆಯಲ್ಲಿ ಉಳಿದವರ ಹೊಣೆ. ಗುಂಪಿನ ತೀರಾ ಹಿಂದೆ, ಎಲ್ಲರಿಗಿಂತ ನಿಧಾನವಾದ ಸವಾರರ ಜೊತೆ ಬರುವವರನ್ನು ಸವಾರರು ಸ್ವೀಪ್ ಎನ್ನುತ್ತಾರೆ. ಗುಂಪಿನ ಗುಣ ಗೊತ್ತಾಗುವುದು ಅಲ್ಲಿ, ಮುಂದೆ ಹಾರಿಕೊಂಡು ಹೋಗುವವರ ವೇಗದಲ್ಲಲ್ಲ.

ಒಂದು ಪಂಕ್ಚರನ್ನೇ ತೆಗೆದುಕೊಳ್ಳಿ. ಹೆದ್ದಾರಿಯ ಅಂಚಿನಲ್ಲಿ ಸವೆದ ಲಾರಿ ಟೈರುಗಳಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ ಬಿದ್ದಿರುತ್ತದೆ. ಅದು ಸೈಕಲ್ ಟೈರಿನೊಳಗೆ ಹೊಕ್ಕರೆ ಹೊರಗಿನಿಂದ ಕಾಣುವುದೇ ಇಲ್ಲ. ಹೊಸಬರು ಟ್ಯೂಬ್ ಬದಲಿಸಿ, ಗಾಳಿ ಹೊಡೆದು ಹೊರಡುತ್ತಾರೆ. ಸ್ವಲ್ಪ ದೂರದಲ್ಲೇ ಹೊಸ ಟ್ಯೂಬೂ ಠುಸ್. ಅನುಭವಸ್ಥರು ಮೊದಲು ಟೈರಿನ ಒಳಮೈ ಮೇಲೆ ಬೆರಳನ್ನು ಮೆಲ್ಲಗೆ ಸುತ್ತಲೂ ಆಡಿಸುತ್ತಾರೆ. ಚುರುಕ್ಕೆಂದ ಕಡೆ ತಂತಿಯ ತುದಿ ಸಿಗುತ್ತದೆ, ಕಿತ್ತು ತೆಗೆಯುತ್ತಾರೆ. ಇದನ್ನು ಬಲ್ಲವರೊಬ್ಬರು ಹಿಂದೆ ಇದ್ದರೆ ಹೊಸಬರು ಮುಂದಿನ ವಾರವೂ ಬರುತ್ತಾರೆ. ಇಲ್ಲದಿದ್ದರೆ ಆಟೋಗೆ ಸೈಕಲ್ ಹಾಕಿಕೊಂಡು ಮನೆಗೆ ಹೋದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಹೊಣೆ ಹಂಚಿಕೊಂಡು ನಡೆಯುವ ರೈಡುಗಳು ಲೋಕದಲ್ಲಿ ಇಲ್ಲವೆಂದಲ್ಲ. ಗೊತ್ತುಮಾಡಿದ ಗಂಟೆಗಳೊಳಗೆ ಮುಗಿಸಬೇಕಾದ ದೂರದ ಸವಾರಿಗಳಾದ ಬ್ರೆವೆಗಳನ್ನೇ ನೋಡಿ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ದಾರಿಯಲ್ಲಿ ತನ್ನ ತಾಪತ್ರಯವನ್ನು ಸವಾರನೇ ನೋಡಿಕೊಳ್ಳಬೇಕು. ಆದರೆ ಸವಾರ ಹಾದುಹೋದದ್ದಕ್ಕೆ ಗುರುತಾಗಿ ಅವನ ಕಾರ್ಡಿಗೆ ಮುದ್ರೆ ಒತ್ತಲು, ಕೊನೆಯವರು ಬರುವ ತನಕ ರಾತ್ರಿಯೆಲ್ಲ ಎದ್ದು ಕೂರಲು ಸ್ವಯಂಸೇವಕರು ಬೇಕು. ಅವರಲ್ಲಿ ಹೆಚ್ಚಿನವರು ತಾವೇ ಸವಾರರು. ಇವತ್ತು ಓಡಿಸಿದವರು ಇನ್ನೊಮ್ಮೆ ಮೇಜಿನ ಹಿಂದೆ ಕೂರುತ್ತಾರೆ. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಕ್ರಿಟಿಕಲ್ ಮಾಸ್ ಇನ್ನೂ ಒಂದು ಹೆಜ್ಜೆ ಮುಂದೆ. ತಿಂಗಳ ಕೊನೆಯ ಶುಕ್ರವಾರ ಸಂಜೆ ಜನ ತಾವಾಗಿ ಸೇರುತ್ತಾರೆ, ಮುಖಂಡರೆಂದು ಯಾರೂ ಇಲ್ಲ. ಹಾಗಿದ್ದರೂ ಅಡ್ಡರಸ್ತೆ ಬಂದಾಗ ಒಂದಿಬ್ಬರು ಸೈಕಲ್ ನಿಲ್ಲಿಸಿ ಕಾರುಗಳನ್ನು ತಡೆದು, ಉಳಿದವರು ದಾಟುವವರೆಗೆ ನಿಲ್ಲುತ್ತಾರೆ. ಆ ಕೆಲಸಕ್ಕೆ ಯಾರೂ ಅವರನ್ನು ನೇಮಿಸಿರುವುದಿಲ್ಲ.

ನಮ್ಮ ಊರಿನ ಮದುವೆಮನೆಗಳಲ್ಲಿ ಇದೇ ರೂಢಿ ಇತ್ತು. ಮೊದಲ ಪಂಕ್ತಿಯಲ್ಲಿ ಉಂಡವರು ಎದ್ದು, ಪಂಚೆ ಎತ್ತಿಕಟ್ಟಿ, ಎರಡನೇ ಪಂಕ್ತಿಗೆ ಸಾರಿನ ಬಕೆಟ್ ಹಿಡಿಯುತ್ತಿದ್ದರು. ಸೈಕಲ್ ಗುಂಪಿಗೂ ಇಷ್ಟೇ ಸಾಕು. ದುಡ್ಡು ಕೊಟ್ಟು ಹೋಗುವ ರೈಡುಗಳ ಮಾತು ಬೇರೆ; ಅಲ್ಲಿ ಹಿಂದೆ ವ್ಯಾನ್ ಬರುತ್ತದೆ, ಸವಾರರು ಗಿರಾಕಿಗಳು. ದುಡ್ಡಿಲ್ಲದೆ ನಡೆಯುವ ಗುಂಪಿನಲ್ಲೂ ಗಿರಾಕಿಯಂತೆ ಇದ್ದುಬಿಡುವುದನ್ನು ನಾನು ಒಪ್ಪಲಾರೆ.

ಎಲ್ಲರೂ ಸಂಘಟಕರಾಗಬೇಕೆಂದು ನಾನು ಹೇಳುತ್ತಿಲ್ಲ. ಮಕ್ಕಳು ಏಳುವ ಮೊದಲು ಮನೆ ಸೇರಬೇಕಾದ ತಾಯಿಗೆ ವಾರಕ್ಕೆ ಸಿಗುವುದೇ ಎರಡು ಗಂಟೆ. ಅವರು ಸುಮ್ಮನೆ ಬಂದು ತುಳಿದು ಹೋಗಲಿ, ಅದು ಅವರ ಹಕ್ಕು. ಹೊಸಬರಿಗೂ ಒಂದಷ್ಟು ತಿಂಗಳು ಏನೂ ಹೊರಿಸಬಾರದು. ನನ್ನ ಮಾತು ಕಾಲು ಗಟ್ಟಿಯಾದವರಿಗೆ, ನಂದಿಯನ್ನು ಎಷ್ಟು ನಿಮಿಷದಲ್ಲಿ ಹತ್ತಿದೆವೆಂದು ಸ್ಟ್ರಾವಾ ಆ್ಯಪ್‌ನಲ್ಲಿ ಹಾಕುವವರಿಗೆ. ಅವರು ತಿಂಗಳಿಗೊಂದು ಭಾನುವಾರ ಸ್ವೀಪ್ ಆಗಲಿ. ಸಂಘಟಕರೂ ಒಂದು ಕೆಲಸ ಮಾಡಬಹುದು: ಯಾರಾದರೂ ಮುಂದೆ ಬರಲಿ ಎಂದು ಕಾಯುವ ಬದಲು, ಶುಕ್ರವಾರ ರಾತ್ರಿಯ ಮೆಸೇಜಿನಲ್ಲಿ ದಾರಿ, ಹೊತ್ತು, ಹೋಟೆಲಿನ ಜೊತೆಗೆ ಈ ವಾರದ ಸ್ವೀಪ್ ಯಾರೆಂದು ಹೆಸರು ಹಾಕಿಬಿಡಲಿ. ಹೆಸರು ಹಿಡಿದು ಕೇಳಿದರೆ ಒಲ್ಲೆ ಎನ್ನುವವರು ಕಡಿಮೆ.