ದುಬೈನಲ್ಲಿ ಫೋನು ಅಗ್ಗ, ಇಲ್ಲಿ ಯಾಕೆ ದುಬಾರಿ?



ನಮ್ಮ ಕೊಡಗಿನ ನಾಪೋಕ್ಲು, ವಿರಾಜಪೇಟೆ ಕಡೆಯ ಎಷ್ಟೋ ಜನ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ರಜೆಗೆ ಬರುವಾಗ ಅವರು ಫೋನು ತಂದರೆ, "ಅಲ್ಲಿ ಎಲ್ಲಾ ಅಗ್ಗ, ಇಲ್ಲಿ ಅಂಗಡಿಯವರು ಸುಲಿಯುತ್ತಾರೆ" ಎಂದು ಜನ ಹೇಳುತ್ತಾರೆ. ಅಂಗಡಿಯವರನ್ನು ಮಾತ್ರ ಬೈದರೆ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಅಂಗಡಿಗೆ ಬರುವ ಮೊದಲೇ ಬೆಲೆ ಏರಿರುತ್ತದೆ.

ಒಂದು ಉದಾಹರಣೆ ನೋಡೋಣ. 2023ರ ಸೆಪ್ಟೆಂಬರಿನಲ್ಲಿ ಐಫೋನ್ 15 ಪ್ರೊ ಬಂತು. ದುಬೈನಲ್ಲಿ ಅದರ ಬೆಲೆ 4,299 ದಿರ್ಹಮ್, ಅಂದರೆ ಆಗ ಸುಮಾರು 97 ಸಾವಿರ ರೂಪಾಯಿ. ನಮ್ಮ ದೇಶದಲ್ಲಿ 1,34,900 ರೂಪಾಯಿ. ಫೋನು ಒಂದೇ, ಬೆಲೆ ಎರಡು!

ಯಾಕೆ ಹೀಗೆ? ಲೆಕ್ಕ ಮಾಡಿ ನೋಡಿ. ಆಗ ಹೊರದೇಶದಿಂದ ಬರುವ ಫೋನಿಗೆ 20% ಆಮದು ಸುಂಕ ಇತ್ತು. ಆ ಸುಂಕದ ಮೇಲೆ ಮತ್ತೆ 10% ಸರ್ಚಾರ್ಜು. ಹೀಗೆ 100 ರೂಪಾಯಿ 122 ಆಯಿತು. ಅದಕ್ಕೆ 18% ಜಿ.ಎಸ್.ಟಿ. ಸೇರಿಸಿದರೆ ಸುಮಾರು 144! ದುಬೈನಲ್ಲಿ ವ್ಯಾಟ್ ಬರೀ 5%. ಡಾಲರಿನ ಎದುರು ರೂಪಾಯಿ ಇಳಿದರೂ ನಮಗೆ ಬೆಲೆ ಏರುತ್ತದೆ.

ಹಾಗಾದರೆ ಆಮದು ಸುಂಕವೇ ಬೇಡವೇ? ಬೇಕು. ಸುಂಕ ಇದ್ದರೆ ಕಂಪನಿಗಳು ಇಲ್ಲೇ ಕಾರ್ಖಾನೆ ಹಾಕುತ್ತವೆ. ಕೋಲಾರ ಜಿಲ್ಲೆಯ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ಈಗ ಐಫೋನ್ ತಯಾರಾಗುತ್ತದೆ. ಎಷ್ಟೋ ಅಕ್ಕಂದಿರಿಗೆ, ಅಣ್ಣಂದಿರಿಗೆ ಕೆಲಸ ಸಿಕ್ಕಿದೆ. 2024ರ ಜುಲೈಯಲ್ಲಿ ಸರ್ಕಾರ ಈ ಸುಂಕವನ್ನು 15%ಕ್ಕೆ ಇಳಿಸಿತು. ಅದೂ ಒಳ್ಳೆಯದೇ.

ಆದರೆ ಬಡವರು ಐಫೋನ್ ಕೊಳ್ಳುವುದಿಲ್ಲ. ಅವರು ಕೊಳ್ಳುವುದು ಇಲ್ಲೇ ತಯಾರಾದ ಏಳೆಂಟು ಸಾವಿರದ ಫೋನು. ಅದಕ್ಕೂ ಜಿ.ಎಸ್.ಟಿ. ಅದೇ 18%. ಎಂಟು ಸಾವಿರದಲ್ಲಿ 1,220 ರೂಪಾಯಿ ತೆರಿಗೆಗೇ ಹೋಯಿತು! ಮೊದಲು ಇದು 12% ಇತ್ತು. 18% ಮಾಡಿದ್ದು 2020ರ ಏಪ್ರಿಲ್ 1ರಂದು. ಆಗ ಲಾಕ್‌ಡೌನ್ ಆಗಿ ಶಾಲೆಗಳು ಮುಚ್ಚಿದ್ದವು. ಆಮೇಲೆ ಪಾಠವೆಲ್ಲಾ ಫೋನಿನಲ್ಲಿ ಬಂತು. ಕಾಫಿ ತೋಟದ ಲೈನ್ ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಮಕ್ಕಳು ಹೇಗೆ ಕಲಿಯಬೇಕು?

2025ರ ಸೆಪ್ಟೆಂಬರ್ 22ರಿಂದ ನೋಟ್ ಪುಸ್ತಕ, ಪೆನ್ಸಿಲ್, ರಬ್ಬರಿಗೆ ಜಿ.ಎಸ್.ಟಿ. ತೆಗೆದರು. ದೊಡ್ಡ ಟಿ.ವಿ., ಎ.ಸಿ.ಗಳಿಗೆ 28% ಇದ್ದದ್ದನ್ನು 18% ಮಾಡಿದರು. ಫೋನಿಗೆ ಮಾತ್ರ ಇಳಿಸಲಿಲ್ಲ. ಕೂಲಿಯವರ ಫೋನಿಗೂ ಶ್ರೀಮಂತರ ಎ.ಸಿ.ಗೂ ಒಂದೇ ತೆರಿಗೆ. ಇದು ನ್ಯಾಯವೇ?

"ಫೋನು ಅಗ್ಗವಾದರೆ ಮಕ್ಕಳು ಹಾಳಾಗುತ್ತಾರೆ" ಎಂದು ಹಿರಿಯರು ಹೇಳಬಹುದು. ಪೆನ್ಸಿಲಿನಲ್ಲಿ ಗೋಡೆಗೂ ಗೀಚಬಹುದು. ಹಾಗಂತ ಪೆನ್ಸಿಲಿಗೆ ತೆರಿಗೆ ಹಾಕುತ್ತಾರಾ?

ಆದ್ದರಿಂದ ಹತ್ತು ಸಾವಿರದೊಳಗಿನ ಫೋನಿಗೆ 5% ಜಿ.ಎಸ್.ಟಿ. ಸಾಕು. ಇದನ್ನು ನಿರ್ಧರಿಸುವ ಜಿ.ಎಸ್.ಟಿ. ಮಂಡಳಿಯಲ್ಲಿ ನಮ್ಮ ರಾಜ್ಯದ ಸಚಿವರೂ ಇರುತ್ತಾರೆ. ಅವರು ಅಲ್ಲಿ ನಮ್ಮ ಪರವಾಗಿ ಕೇಳಬೇಕು. ಇದು ನನ್ನ ಅಭಿಪ್ರಾಯ. ನೀವೇನು ಹೇಳುತ್ತೀರಿ? ಮುಂದಿನ ಸಂಚಿಕೆಗೆ ಬರೆಯಿರಿ.

— 7ನೇ ತರಗತಿ