ತೆರೆಯ ಆಚೆ: ಬ್ಯಾಂಕಿನ ಬಾಗಿಲಿಗೆ ತಪ್ಪಲೆ-ಸೌಟಿನ ಹಿಮ್ಮೇಳ!

ಕಥೆ ಕ್ಲೈಮ್ಯಾಕ್ಸಿಗೆ ಬಂದಿದೆ. ಊರಿಗೆಲ್ಲ ಟೋಪಿ ಹಾಕುವ ಇಬ್ಬರು ಮೋಸಗಾರರು. ಅಪರೂಪದ ಅಂಚೆಚೀಟಿ ಮಾರಿದ್ದಕ್ಕೆ ಭಾರೀ ಮೊತ್ತದ ಚೆಕ್ಕು ಕೈಗೆ ಬಂದಿದೆ. ಬೆಳಗಾಗುತ್ತಲೇ ಅದನ್ನು ನಗದು ಮಾಡಿಸಲು ಬ್ಯಾಂಕಿಗೆ ಓಡುತ್ತಾರೆ. ಅಲ್ಲಿ ನೋಡಿದರೆ... ಬಾಗಿಲು ಬಂದ್! ಹೊರಗೆ ಗುಂಪುಗುಂಪು ಜನ ಗಾಜು ಬಡಿಯುತ್ತಿದ್ದಾರೆ. ಬ್ಯಾಂಕೇ ಮುಳುಗಿದೆ! ಜಗತ್ತಿಗೆ ಮೋಸ ಮಾಡಿದವನಿಗೆ ಅವನಪ್ಪನಂಥ ಮೋಸಗಾರ ಸಿಕ್ಕಿದ್ದಾನೆ. ಅದೂ ಟೈ ಕಟ್ಟಿಕೊಂಡವನು!

ಇದು 'ನುಯೆವೆ ರೇಯಿನಾಸ್', ಅಂದರೆ 'ಒಂಬತ್ತು ರಾಣಿಯರು' ಎಂಬ ಅರ್ಜೆಂಟೀನಾ ಚಿತ್ರ. ನಿರ್ದೇಶಕ ಫಾಬಿಯಾನ್ ಬಿಯೆಲಿನ್ಸ್ಕಿ. ಮುಖ್ಯ ಪಾತ್ರದಲ್ಲಿ ಆ ದೇಶದ ಅಚ್ಚುಮೆಚ್ಚಿನ ನಟ ರಿಕಾರ್ದೊ ದಾರೀನ್. ಕೊನೇ ತಿರುವು ಏನು ಅಂತ ನಾನಂತೂ ಬಾಯಿ ಬಿಡೋಲ್ಲ, ನೋಡಿಯೇ ತಿಳಿಯಬೇಕು. ಚಿತ್ರ ತೆರೆ ಕಂಡದ್ದು 2000ದ ಆಗಸ್ಟಿನಲ್ಲಿ. ಅದಾಗಿ ಒಂದು ವರ್ಷ ಮೂರು ತಿಂಗಳಿಗೆ, 2001ರ ಡಿಸೆಂಬರಿನಲ್ಲಿ, ಇಡೀ ಅರ್ಜೆಂಟೀನಾ ದೇಶವೇ ಆ ದೃಶ್ಯದ ಸಹಕಲಾವಿದರಂತೆ ಬ್ಯಾಂಕುಗಳ ಮುಂದೆ ನಿಂತಿತ್ತು. ಈ ಸಾರಿ 'ಕಟ್' ಹೇಳೋರು ಯಾರೂ ಇರಲಿಲ್ಲ!

ಏನಾಗಿತ್ತು ಅಂತೀರಾ? ಸ್ವಲ್ಪ ಫ್ಲಾಶ್‌ಬ್ಯಾಕು ಬೇಕು.

* ಒಂದಕ್ಕೆ ಒಂದು! *

1989ರಲ್ಲಿ ಆ ದೇಶದ ಬೆಲೆಗಳು ಒಂದೇ ವರ್ಷದಲ್ಲಿ ಸುಮಾರು ಮೂವತ್ತು ಪಟ್ಟು ಏರಿದ್ದವು. ಬೆಳಗಿನ ಬೆಲೆ ಸಂಜೆಗಿಲ್ಲ. ಸಂಬಳ ಬಂದ ಗಳಿಗೆಯಲ್ಲೇ ಅಂಗಡಿಗೆ ಓಡಬೇಕು. ಈ ಭೂತವನ್ನು ಬಿಡಿಸಲು 1991ರಲ್ಲಿ ಅಧ್ಯಕ್ಷ ಕಾರ್ಲೋಸ್ ಮೆನೆಮ್ ಮತ್ತು ಅರ್ಥಮಂತ್ರಿ ದೊಮಿಂಗೊ ಕವಾಲ್ಯೊ ಒಂದು ಮಂತ್ರ ಹಾಕಿದರು. ನಮ್ಮ ಹಣವನ್ನು ಅಮೆರಿಕದ ಡಾಲರಿಗೆ ಗಂಟು ಹಾಕಿಬಿಡೋಣ! ಅಲ್ಲಿಂದಾಚೆ 1 ಪೆಸೊ ಅಂದರೆ 1 ಡಾಲರ್. ಕಾನೂನೇ ಹಾಗೆ.

ಭೂತ ಬಿಟ್ಟಿತು. ಜನ ಬ್ಯಾಂಕಿಗೆ ದುಡ್ಡು ಹಾಕಿದರು. ಡಾಲರಿನಲ್ಲೇ ಠೇವಣಿ, ಡಾಲರಿನಲ್ಲೇ ಸಾಲ. ಆದರೆ ಡಾಲರ್ ಅಚ್ಚು ಹಾಕೋ ಯಂತ್ರ ಇರೋದು ಅಮೆರಿಕದಲ್ಲಿ ತಾನೇ? 1999ರ ಜನವರಿಯಲ್ಲಿ ಪಕ್ಕದ ಬ್ರೆಜಿಲ್ ತನ್ನ ಹಣದ ಬೆಲೆ ಇಳಿಸಿಕೊಂಡಿತು. ಅರ್ಜೆಂಟೀನಾದ ಸರಕು ದುಬಾರಿಯಾಗಿ ಕೊಳ್ಳೋರಿಲ್ಲದಂತಾಯಿತು. ಸರ್ಕಾರ ಸಾಲದ ಮೇಲೆ ಸಾಲ ಎತ್ತಿತು.

ನಮ್ಮ ಚಿತ್ರಮಂದಿರದ ಲೆಕ್ಕದಲ್ಲಿ ಹೇಳ್ತೀನಿ ಕೇಳಿ. ಕುರ್ಚಿ ಇರೋದು ಇನ್ನೂರು, ಹರಿದ ಟಿಕೆಟ್ಟು ಸಾವಿರ. ದಿನಕ್ಕೆ ನೂರು ಜನ ಬಂದು ಹೋಗುತ್ತಿದ್ದರೆ ಗುಟ್ಟು ರಟ್ಟಾಗೋಲ್ಲ. ಸಾವಿರ ಜನವೂ ಒಂದೇ ಆಟಕ್ಕೆ ಬಂದು ನಿಂತರೆ? ಬ್ಯಾಂಕಿನ ಕಥೆಯೂ ಇಷ್ಟೇ ಕಣ್ರೀ. ನಾವು ಹಾಕಿದ ದುಡ್ಡು ಪೆಟ್ಟಿಗೆಯಲ್ಲಿ ಕೂತಿರೋಲ್ಲ, ಸಾಲವಾಗಿ ಹೊರಗೆ ಸುತ್ತುತ್ತಿರುತ್ತೆ. 2001ರ ನವೆಂಬರ್ ಕೊನೆಗೆ ಸಾವಿರ ಜನವೂ ಗೇಟಿನ ಹತ್ತಿರ ಬಂದುಬಿಟ್ಟರು!

* ದುಡ್ಡು ದೊಡ್ಡಿಗೆ! *

ಡಿಸೆಂಬರ್ 1, ಶನಿವಾರ. ಸರ್ಕಾರದ ಆಜ್ಞೆ ಬಂತು. ಇನ್ನು ಮೇಲೆ ವಾರಕ್ಕೆ 250 ಪೆಸೊಗಿಂತ ಹೆಚ್ಚು ನಗದು ತೆಗೆಯುವಂತಿಲ್ಲ! ಜನ ಇದಕ್ಕೆ ಇಟ್ಟ ಹೆಸರು 'ಕೊರಲೀತೊ', ಅಂದರೆ ಪುಟ್ಟ ದೊಡ್ಡಿ. ಬೆಳೆ ಮೇಯ್ದ ದನವನ್ನು ನಮ್ಮ ಹಳ್ಳಿಗಳಲ್ಲಿ ದೊಡ್ಡಿಗೆ ಹೊಡೀತಿದ್ದರಲ್ಲ, ಹಾಗೆ ಅವರ ದುಡ್ಡನ್ನು ಕೂಡಿಹಾಕಿದರು. ಆದರೆ ಇಲ್ಲಿ ಮೇಯ್ದವರು ಬೇರೆ, ದೊಡ್ಡಿಗೆ ಬಿದ್ದವರು ಬೇರೆ!

ತಮಾಷೆ ಕೇಳಿ. ಇದಕ್ಕೆ ಮೂರೇ ತಿಂಗಳ ಹಿಂದೆ, ಅದೇ 2001ರ ಆಗಸ್ಟಿನಲ್ಲಿ, ಬ್ಯಾಂಕಿನಲ್ಲಿರುವ ಠೇವಣಿಯನ್ನು ಯಾರೂ ಮುಟ್ಟುವಂತಿಲ್ಲ ಎಂದು ಅಲ್ಲಿನ ಸಂಸತ್ತು ಕಾನೂನನ್ನೇ ಮಾಡಿತ್ತು!

ಖಾತೆ ಇದ್ದವರು ಕಾರ್ಡು, ಚೆಕ್ಕಿನಲ್ಲಾದರೂ ವ್ಯವಹಾರ ಮಾಡಬಹುದಿತ್ತು. ಮೊದಲ ಏಟು ಬಿದ್ದದ್ದು ಖಾತೆಯೇ ಇಲ್ಲದವರಿಗೆ. ಮನೆಗೆಲಸದಾಕೆ, ಸುಣ್ಣಬಣ್ಣ ಬಳಿಯುವವನು, ಬೀದಿಯಲ್ಲಿ ತಿಂಡಿ ಮಾರುವವನು... ಇವರಿಗೆ ಕೂಲಿ ಕೊಡುತ್ತಿದ್ದದ್ದು ನಗದಿನಲ್ಲಿ. ಯಜಮಾನನ ಕೈಯಲ್ಲೇ ನೋಟಿಲ್ಲದ ಮೇಲೆ ಇವರಿಗೆಲ್ಲಿಂದ ಬರಬೇಕು? ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರ ಮನೆಯ ಒಲೆ ಮೊದಲು ಆರಿಹೋಯಿತು.

ಡಿಸೆಂಬರ್ 19ರ ರಾತ್ರಿ. ಊರೂರಲ್ಲಿ ಅಂಗಡಿ ಲೂಟಿ ಆಗುತ್ತಿದೆ. ಅಧ್ಯಕ್ಷ ಫೆರ್ನಾಂದೊ ದೆ ಲಾ ರೂವಾ ಟಿವಿಯಲ್ಲಿ ತುರ್ತು ಪರಿಸ್ಥಿತಿ ಸಾರಿದರು. ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಎಲ್ಲೋ ಒಂದು ಮಹಡಿಯಿಂದ ಠಣ್ ಠಣ್ ಸದ್ದು. ಪಕ್ಕದ ಮನೆಯಿಂದಲೂ ಠಣ್ ಠಣ್. ಗೃಹಿಣಿಯರು ತಪ್ಪಲೆ, ಬಾಣಲೆ, ಸೌಟು ಹಿಡಿದು ಬಡಿಯುತ್ತ ಬೀದಿಗಿಳಿದರು! ನಾವು 2020ರ ಮಾರ್ಚ್ 22ರಂದು ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದೆವಲ್ಲ, ಅದು ಕೃತಜ್ಞತೆಯ ಸದ್ದು. ಇದು ಬರಿದಾದ ಪಾತ್ರೆಯ ಸದ್ದು.

"ಎಲ್ಲರೂ ತೊಲಗಿ!" ಎಂಬುದೇ ಅವರ ಘೋಷಣೆ. ಅರ್ಥಮಂತ್ರಿ ಕವಾಲ್ಯೊ ಹೋದರು. ಮಾರನೆಯ ದಿನ ಅಧ್ಯಕ್ಷರೂ ರಾಜೀನಾಮೆ ಕೊಟ್ಟು ಅರಮನೆಯ ಛಾವಣಿಯಿಂದ ಹೆಲಿಕಾಪ್ಟರ್ ಹತ್ತಿದರು. ಪಕ್ಕಾ ಸಿನಿಮಾ ದೃಶ್ಯ! ಆದರೆ ಆ ಎರಡು ದಿನದ ಗಲಭೆಯಲ್ಲಿ ಸತ್ತ 30ಕ್ಕೂ ಹೆಚ್ಚು ಜನ 'ಪ್ಯಾಕಪ್' ಅಂದಾಗ ಎದ್ದು ಬರಲಿಲ್ಲ.

ಅಲ್ಲಿಂದ ಎರಡೇ ವಾರದೊಳಗೆ ಆ ದೇಶ ಐದು ಅಧ್ಯಕ್ಷರನ್ನು ಕಂಡಿತು. ನಮ್ಮ ಟಾಕೀಸುಗಳಲ್ಲಿ ಶುಕ್ರವಾರಕ್ಕೊಂದು ಚಿತ್ರ ಬದಲಾಗುತ್ತೆ, ಅದೇ ಎಷ್ಟೋ ವಾಸಿ! ಐದನೆಯವರು ಎದುವಾರ್ದೊ ದುವಾಲ್ದೆ. ಡಾಲರ್ ಇಟ್ಟವರಿಗೆ ಡಾಲರೇ ಸಿಗುತ್ತೆ ಎಂದು 2002ರ ಹೊಸ ವರ್ಷಕ್ಕೆ ಭಾಷೆ ಕೊಟ್ಟರು. ಫೆಬ್ರುವರಿಯಲ್ಲಿ ಬಂದ ಆಜ್ಞೆ ಏನು? ಪ್ರತಿ ಡಾಲರ್ ಠೇವಣಿಗೆ 1.40 ಪೆಸೊ! ಅಷ್ಟರಲ್ಲಿ ಪೆಸೊ ಜಾರತೊಡಗಿತ್ತು. ವರ್ಷದ ನಡುವಿಗೆ ಒಂದು ಡಾಲರಿಗೆ ಸುಮಾರು ನಾಲ್ಕು ಪೆಸೊ. ಡಾಲರಿನಲ್ಲಿ ಸಾಲ ಮಾಡಿದವರಿಗೆ ಮಾತ್ರ ಒಂದಕ್ಕೆ ಒಂದೇ ಲೆಕ್ಕ. ಬೆವರು ಸುರಿಸಿ ಉಳಿಸಿದವನು ಬೋಳಾದ, ದೊಡ್ಡ ಸಾಲಗಾರ ಮೀಸೆ ತಿರುವಿದ!

* ತೆರೆಯ ಮೇಲಿನವರೂ ಬೀದಿಗೆ! *

ಇಲ್ಲಿ ನಮ್ಮ ಪತ್ರಿಕೆಗೆ ಸಂಬಂಧಪಟ್ಟ ಒಬ್ಬ ಆಸಾಮಿ ಬರುತ್ತಾನೆ. ನೀತೊ ಅರ್ತಾಸಾ, ರಂಗದ ಮೇಲೆ ಜನರನ್ನು ನಗಿಸುವ ಹಾಸ್ಯನಟ. ದುಡ್ಡು ಸಿಕ್ಕಿಹಾಕಿಕೊಂಡ ಠೇವಣಿದಾರರನ್ನೆಲ್ಲ ಕಟ್ಟಿಕೊಂಡು ಆತ ಬೀದಿಗಿಳಿದ. ಬ್ಯಾಂಕುಗಳು ಗಾಜು ಉಳಿಸಿಕೊಳ್ಳಲು ಮುಂಬಾಗಿಲಿಗೆ ತಗಡು ಹೊಡೆಸಿದ್ದವು. ಜನ ಆ ತಗಡನ್ನೇ ಸುತ್ತಿಗೆಯಿಂದ ಬಡಿದರು. ಕೋಟು ತೊಟ್ಟ ಮುದುಕರು, ಕೈಚೀಲ ಹಿಡಿದ ಅಜ್ಜಿಯರು... ಜೀವಮಾನದಲ್ಲಿ ಒಂದು ಕಲ್ಲೆತ್ತಿ ಹೊಡೆದವರಲ್ಲ!

ವಕೀಲರನ್ನು ಹಿಡಿಯಲು ಶಕ್ತಿ ಇದ್ದವರು ಕೋರ್ಟಿನಿಂದ ಆಜ್ಞೆ ತಂದು ಹಣ ಬಿಡಿಸಿಕೊಂಡರು. ಅನೇಕರಿಗೆ ನಗದಿನ ಬದಲು ಸಿಕ್ಕಿದ್ದು ಸರ್ಕಾರಿ ಬಾಂಡು. ಅದರ ಕೊನೇ ಕಂತು ಬಂದದ್ದು 2012ರ ಆಗಸ್ಟಿನಲ್ಲಿ! ಎಪ್ಪತ್ತರ ವಯಸ್ಸಿನಲ್ಲಿ ದುಡ್ಡು ಕಳಕೊಂಡವರಿಗೆ ಹತ್ತು ವರ್ಷ ಕಾಯೋದು ಅಂದರೇನು, ನೀವೇ ಯೋಚಿಸಿ.

* ಕೇಕು ಕೊಟ್ಟು ಕ್ಷೌರ *

ಹಾಗಾದರೆ ಜನ ಬದುಕಿದ್ದು ಹೇಗೆ? ನೋಟಿಲ್ಲ ಅಂತ ಹೊಟ್ಟೆ ಸುಮ್ಮನಿರುತ್ಯೇ?

ಸಂಬಳ ಕೊಡಲು ದುಡ್ಡಿಲ್ಲದ ಪ್ರಾಂತ್ಯ ಸರ್ಕಾರಗಳು ತಾವೇ ಚೀಟಿ ಅಚ್ಚು ಹಾಕಿದವು. ಬ್ಯೂನಸ್ ಐರಿಸ್ ಪ್ರಾಂತ್ಯದ ಚೀಟಿಗೆ 'ಪತಕೋನ್' ಎಂದು ಹೆಸರು. ಮೇಷ್ಟ್ರುಗಳಿಗೆ, ನರ್ಸುಗಳಿಗೆ ಇದರಲ್ಲೇ ಸಂಬಳ! ಮೆಕ್‌ಡೊನಾಲ್ಡ್ಸ್‌ನವರು ಈ ಚೀಟಿಗೆಂದೇ 'ಪತಕೊಂಬೊ' ಎಂಬ ಊಟ ಮಾರಿದರು. ವ್ಯಾಪಾರ ಅಂದರೆ ಅದಪ್ಪಾ!

ಚೀಟಿಯೂ ಇಲ್ಲದವರು ನಮ್ಮ ಅಜ್ಜ-ಮುತ್ತಜ್ಜಂದಿರ ಪದ್ಧತಿಗೆ ಹೋದರು. ಭತ್ತ ಕೊಟ್ಟು ಉಪ್ಪು ತಗೊಳ್ಳೋದು! 1995ರಲ್ಲಿ ಬೆರ್ನಾಲ್ ಎಂಬ ಊರಿನಲ್ಲಿ ಕೆಲವೇ ಜನ ಸೇರಿ ಶುರು ಮಾಡಿದ್ದ ವಿನಿಮಯ ಕೂಟ 2002ರಲ್ಲಿ ದೇಶಕ್ಕೆಲ್ಲ ಹಬ್ಬಿ ಲಕ್ಷಾಂತರ ಜನರಿಗೆ ಆಸರೆಯಾಯಿತು. ಕೇಕು ಮಾಡಿದಾಕೆ ಅದನ್ನು ಕೊಟ್ಟು ಮಗನಿಗೆ ಕ್ಷೌರ ಮಾಡಿಸಬಹುದು. ನಲ್ಲಿ ರಿಪೇರಿಯವನು ಹಳೇ ಸ್ವೆಟರು ಪಡೆಯಬಹುದು. ಲೆಕ್ಕಕ್ಕೆ 'ಕ್ರೆದೀತೊ' ಎಂಬ ಚೀಟಿ. ಅಯ್ಯೋ, ಅಲ್ಲೂ ಖೋಟಾ ಚೀಟಿ ನುಗ್ಗಿತು! ಚೀಟಿ ಹೆಚ್ಚಾಯಿತು, ಹಿಟ್ಟು ಎಣ್ಣೆ ತರೋರು ಕಡಿಮೆಯಾದರು. ದೊಡ್ಡ ಹಣಕ್ಕೆ ಬಂದ ರೋಗವೇ ಈ ಬಡ ಹಣಕ್ಕೂ ಬಂತು. ವರ್ಷದ ಕೊನೆಗೆ ಬಹುತೇಕ ಕೂಟಗಳು ಮುಚ್ಚಿದವು.

ಇನ್ನೂ ಕೆಳಗಿದ್ದವರು 'ಕಾರ್ತೊನೇರೊ'ಗಳು, ರಟ್ಟು ಆಯುವವರು. ಪೆಸೊ ಬಿದ್ದದ್ದರಿಂದ ಹೊರಗಿನ ಕಾಗದ ದುಬಾರಿಯಾಗಿ ರದ್ದಿಗೆ ಬೆಲೆ ಬಂದಿತ್ತು. ಕೆಲಸ ಕಳಕೊಂಡವರು ಹೆಂಡತಿ ಮಕ್ಕಳ ಸಮೇತ ತಳ್ಳುಗಾಡಿ ಹಿಡಿದು ಸಂಜೆ ಪಟ್ಟಣಕ್ಕೆ ಬರುತ್ತಿದ್ದರು. ಅವರಿಗಾಗಿ ಸೀಟು ಕಿತ್ತ ಬೇರೆ ರೈಲೇ ಇತ್ತು, 'ಬಿಳೀ ರೈಲು' ಅಂತ ಅದರ ಹೆಸರು. ಗೋಮಾಂಸಕ್ಕೂ ಗೋಧಿಗೂ ಜಗತ್ತಿಗೇ ಹೆಸರಾದ ದೇಶ ಅದು. 2002ರ ಮಾರ್ಚಿನಲ್ಲಿ ರೊಸಾರಿಯೊ ನಗರದಂಚಿನಲ್ಲಿ ದನ ತುಂಬಿದ ಲಾರಿ ಮಗುಚಿದಾಗ, ಹಸಿದ ಜನ ಮನೆಯಿಂದ ಚೂರಿ ತಂದು ರಸ್ತೆಯಲ್ಲೇ ಕೊಯ್ದು ಒಯ್ದರು. ಅದೇ ಅಕ್ಟೋಬರಿನ ಸರ್ಕಾರಿ ಲೆಕ್ಕದಲ್ಲಿ ನಗರವಾಸಿಗಳಲ್ಲಿ ನೂರಕ್ಕೆ 57 ಜನ ಬಡವರು!

* ಬಕರಾಗಳ ಸೇಡು *

2003ರಿಂದ ದೇಶ ಚೇತರಿಸಿಕೊಂಡಿತು. ಆದರೆ ಗಾಯದ ಕಲೆ? 2019ರಲ್ಲಿ ದಾರೀನ್ ಮತ್ತೆ ಬಂದ, ಈ ಸಾರಿ ಮೋಸಹೋದವನ ಪಾತ್ರದಲ್ಲಿ. ಸೆಬಾಸ್ತಿಯಾನ್ ಬೊರೆನ್ಸ್ತೈನ್ ನಿರ್ದೇಶಿಸಿದ ಆ ಚಿತ್ರದ ಹೆಸರನ್ನು ಕನ್ನಡದಲ್ಲಿ 'ಬಕರಾಗಳ ಸಾಹಸಯಾತ್ರೆ' ಎನ್ನಬಹುದು. ಹಳ್ಳಿಯ ಜನ ಸಹಕಾರ ಸಂಘ ಕಟ್ಟಲು ಡಾಲರ್ ಕೂಡಿಸುತ್ತಾರೆ. ಮ್ಯಾನೇಜರ್ ನಯವಾಗಿ ಮಾತಾಡಿ ಅದನ್ನು ಖಾತೆಗೆ ಹಾಕಿಸುತ್ತಾನೆ. ಬೆನ್ನಿಗೇ ಕೊರಲೀತೊ! ಆಮೇಲೆ ತಮ್ಮ ದುಡ್ಡನ್ನು ತಾವೇ ಕದಿಯಲು ಹೊರಡುತ್ತಾರೆ. ತಂದೆ-ಮಗನಾಗಿ ನಟಿಸಿರುವುದು ದಾರೀನ್ ಮತ್ತು ಅವರ ಸ್ವಂತ ಮಗ ಚೀನೊ ದಾರೀನ್. ಬೀದಿಯಲ್ಲಿ ಸಿಗದ ನ್ಯಾಯ ತೆರೆಯ ಮೇಲಾದರೂ ಸಿಗಲಿ ಅಂತ ಅಲ್ಲಿನ ಜನ ಮುಗಿಬಿದ್ದು ನೋಡಿದರು.

ನಮಗೇನು ಇದರಿಂದ ಅಂತೀರಾ? 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಹೋದಾಗ ನಮ್ಮಲ್ಲೂ ಎಷ್ಟು ಮನೆಗಳ ಸಾಸಿವೆ ಡಬ್ಬಿ ಹೊರಗೆ ಬಂತು! ಆದರೆ ಅದು ನೋಟಿನ ಬದಲಾವಣೆ, ರೂಪಾಯಿಯ ಸಾವಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ನಿವೃತ್ತರು ಬಾಗಿಲ ಮುಂದೆ ನಿಂತರಲ್ಲ, ಅವರ ಮುಖ ಬ್ಯೂನಸ್ ಐರಿಸ್‌ನ ಅಜ್ಜಿಯರ ಮುಖಕ್ಕಿಂತ ಬೇರೆಯಾಗಿರಲಿಲ್ಲ. ಮರುತಿಂಗಳೇ ಠೇವಣಿ ವಿಮೆಯನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಸಿಗೋದು ಅಷ್ಟೇ. ಬಡ್ಡಿ ಅರ್ಧ ಪರ್ಸೆಂಟು ಜಾಸ್ತಿ ಅಂತ ಇದ್ದಬದ್ದದ್ದನ್ನೆಲ್ಲ ಒಂದೇ ಕಡೆ ಸುರಿಯೋ ಮುಂಚೆ ಇದೊಂದು ನೆನಪಿರಲಿ.

ಅಂದ ಹಾಗೆ ಎರಡೂ ಚಿತ್ರ ಸಿಕ್ಕರೆ ಬಿಡಬೇಡಿ. ಮೊದಲು 'ಒಂಬತ್ತು ರಾಣಿಯರು', ಆಮೇಲೆ 'ಬಕರಾಗಳು'. ಬರ್ತೀನಿ, ಮುಂದಿನ ವಾರ ಸಿಗೋಣ!